ಡಯಾಟಮ್ ಫೋಟೋ: ಜೀವಂತವೋ, ಬರೀ ಚಿಪ್ಪೋ?

ತುಂಗೆಯ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುತ್ತದೆ ಅಲ್ವಾ, ಆ ಕಂದು ಲೋಳೆಯಲ್ಲೇ ಗಾಜಿನಂಥ ಚಿಪ್ಪಿರುವ ಒಂದೇ ಕೋಶದ ಪಾಚಿಗಳಾದ ಡಯಾಟಮ್‌ಗಳಿರುತ್ತವೆ. ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ, ಒಂದು ಹನಿ ಸ್ಲೈಡಿಗೆ ಹಾಕಿ ಕವರ್ ಸ್ಲಿಪ್ ಮುಚ್ಚಿ. ಜೀವಂತ ಫೋಟೋಗೆ ಅಷ್ಟೇ ತಯಾರಿ. ಮೈಕ್ರೋಸ್ಕೋಪಿನ 40 ಎಕ್ಸ್ ಲೆನ್ಸ್, ಐಪೀಸಿಗೆ ಹಿಡಿದ ಮೊಬೈಲ್ ಸಾಕು. ದೋಣಿಯಂಥ ನವಿಕ್ಯುಲಾ ಎಂಬ ಡಯಾಟಮ್ ಹೊಂಬಣ್ಣದಲ್ಲಿ ಮುಂದೆ ಜಾರಿ, ನಿಂತು, ಬಂದ ದಾರಿಯಲ್ಲೇ ಹಿಂದೆ ಹೋಗುತ್ತದೆ. ನೋಡ್ತಾ ಕೂತರೆ ಕಾಫಿ ಆರಿಹೋಗುತ್ತದೆ! ಆದರೆ ಚಿಪ್ಪಿನ ಸಣ್ಣ ಗೆರೆಗಳು ಸರಿಯಾಗಿ ಕಾಣುವುದಿಲ್ಲ.

ಗೆರೆಯೇ ಬೇಕೆಂದರೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಒಳಗಿನದೆಲ್ಲ ತೆಗೆದು, ಸಿಲಿಕಾ ಚಿಪ್ಪನ್ನಷ್ಟೇ ಉಳಿಸಬೇಕು. ಕೈಗವಸು, ಕನ್ನಡಕ ಬೇಕೇ ಬೇಕು. ಮತ್ತೆ ಮತ್ತೆ ತೊಳೆಯಬೇಕು, ಎಣ್ಣೆ ಹನಿ ಹಾಕಿ ನೋಡುವ 100 ಎಕ್ಸ್ ಆಯಿಲ್ ಲೆನ್ಸ್‌ನ ಖರ್ಚು ಬೇರೆ. ಹೊಸಬರಾದರೆ ಒಂದು ಬೇಸಿಗೆ ಜೀವಂತದ್ದನ್ನೇ ತೆಗೆಯಿರಿ. ಮಳೆಗಾಲದಲ್ಲಿ ಹೊಳೆಗೆ ಇಳಿಯುವ ಹಾಗಿಲ್ಲ, ಮೊದಲೇ ಮಾಡಿಟ್ಟ ಚಿಪ್ಪಿನ ಸ್ಲೈಡ್ ಆಗ ಕೆಲಸಕ್ಕೆ ಬರುತ್ತದೆ.