ಬೆಲ್ಲದ ಮಂಡಿಯ ಡಾಸ್ ಕಂಪ್ಯೂಟರಿಗೆ ಯಾವ ನೆಟ್‌ವರ್ಕ್ ಕ್ಲೈಂಟ್? ಎಂಟಿಸಿಪಿ, ಮೈಕ್ರೋಸಾಫ್ಟ್ ಕ್ಲೈಂಟ್ 3.0 ಎರಡನ್ನೂ ಹಾಕಿ ನೋಡಿದ್ದು

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡ್ತೀನಿ. ಡಾಸ್ (ಆಜ್ಞೆ ಟೈಪ್ ಮಾಡಿ ನಡೆಸೋ ಹಳೇ ಆಪರೇಟಿಂಗ್ ಸಿಸ್ಟಮ್) ಕಂಪ್ಯೂಟರಿನಿಂದ ಫೈಲುಗಳನ್ನ ಆಚೆಗೆ ಸಾಗಿಸೋದಷ್ಟೇ ನಿಮ್ಮ ಕೆಲಸ ಆದರೆ ಎಂಟಿಸಿಪಿ (ಡಾಸ್‌ಗೆ ನೆಟ್‌ವರ್ಕ್ ಕೆಲಸ ಮಾಡಿಕೊಡೋ ಸಣ್ಣ ಪ್ರೋಗ್ರಾಮುಗಳ ಕಟ್ಟು) ಹಾಕ್ಕೊಳ್ಳಿ. ಇನ್ನೊಂದು ಕಂಪ್ಯೂಟರಿನ ಫೋಲ್ಡರು ನಿಮ್ಮ ಡಾಸ್ ಪ್ರೋಗ್ರಾಮಿಗೆ ಒಂದು ಡ್ರೈವ್ ಥರ ಕಾಣಲೇಬೇಕು ಅನ್ನೋದಾದರೆ ಮಾತ್ರ ಮೈಕ್ರೋಸಾಫ್ಟ್ ನೆಟ್‌ವರ್ಕ್ ಕ್ಲೈಂಟ್ 3.0. ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ ನಾನು ಲೆಕ್ಕ ನೋಡ್ಕೊಳ್ತೀನಿ. ಅಲ್ಲಿ ದಿನಾ ಪಟ್ಟಿ ಹೊಡೆಯೋ ಮಿಷನ್ನಿನ ಮೇಲೇ ಎರಡನ್ನೂ ಓಡಿಸಿ ನೋಡಿ ಇದನ್ನ ಬರೀತಿದ್ದೀನಿ.

ಮಿಷನ್ನು 486 ಪ್ರೊಸೆಸರಿನ ಹಳೇ ಪಿಸಿ, ಅದರಲ್ಲಿ ಎಂಎಸ್ ಡಾಸ್ 6.22. ಮಂಡಿಯ ಪ್ರೋಗ್ರಾಮು ಕ್ಲಿಪ್ಪರ್ ಅನ್ನೋ ಡಾಸ್ ಕಾಲದ ಡೇಟಾಬೇಸ್ ಭಾಷೆಯಲ್ಲಿ ಬರೆಸಿದ್ದು. ಆಲೆಮನೆಯಿಂದ ಗಾಡಿ ಬಂತು ಅಂದ್ರೆ ರೈತರ ಹೆಸರು, ಊರು, ಅಚ್ಚೋ ಬಕೆಟ್ಟೋ, ಎಷ್ಟು ಕ್ವಿಂಟಾಲು, ಯಾವ ರೇಟಿಗೆ ಹೋಯ್ತು, ಹಮಾಲಿ ಎಷ್ಟು ಎಲ್ಲ ಹಾಕಿದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ ಕಾರ್ಬನ್ ಪ್ರತಿ ಸಮೇತ ಪಟ್ಟಿ ಬರುತ್ತೆ. ತೂಕದ ಮಿಷನ್ನಿನಿಂದ ಒಂದು ಸೀರಿಯಲ್ ಕೇಬಲ್ಲು ಕಾಮ್ 2 ಪೋರ್ಟಿಗೆ ಬಂದಿದೆ, ತೂಕ ತಾನಾಗೇ ಸ್ಕ್ರೀನಿನ ಮೇಲೆ ಬಂದು ಕೂರುತ್ತೆ. ಕೈಯಲ್ಲಿ ಬರೆದ ತೂಕಕ್ಕೆ ಎರಡು ಸಲ ಕೇಳೋ ರೈತರೂ ಅಚ್ಚಾಗಿ ಬಂದ ತೂಕವನ್ನ ಮರುಮಾತಿಲ್ಲದೆ ಒಪ್ಕೊಳ್ತಾರೆ. ಆ ನಂಬಿಕೆ ದೊಡ್ಡದು. ಇದನ್ನ ಗುಜರಿಗೆ ಹಾಕಿ ಅಂತ ಒಂದು ಅಂಗಡಿಯವರು ಹೇಳಿದಾಗ ನಾನು ಒಪ್ಪದೇ ಇದ್ದದ್ದು ಅದಕ್ಕೇ. ಕೆಲಸ ಸರಿಯಾಗಿ ಮಾಡ್ತಿರೋ ಮಿಷನ್ನನ್ನ ವಯಸ್ಸಾಯ್ತು ಅಂತ ಎಸೆಯೋದು ನನಗೆ ಸರಿ ಕಾಣಲ್ಲ.

ಹೊಸ ಕಂಪ್ಯೂಟರೂ ಇದೆ, ಪಕ್ಕದ ಟೇಬಲ್ಲಿನಲ್ಲೇ. ಜಿಎಸ್‌ಟಿ ಬಂದ ಮೇಲೆ ಆಡಿಟರಿಗೆ ಎಲ್ಲ ಲೆಕ್ಕವೂ ಶೀಟಿನಲ್ಲಿ, ಮೇಲ್‌ನಲ್ಲಿ ಬೇಕು. ಕ್ಲಿಪ್ಪರ್ ಬರೆಯೋ ಡಿಬಿಎಫ್ ಅನ್ನೋ ಡೇಟಾ ಫೈಲನ್ನ ಲಿಬ್ರೆ ಆಫೀಸಿನ ಕ್ಯಾಲ್ಕ್ ನೇರವಾಗಿ ತೆರೆಯುತ್ತೆ, ಅದರ ಚಿಂತೆ ಇಲ್ಲ. ಫೈಲು ಈ ಟೇಬಲ್ಲಿನಿಂದ ಆ ಟೇಬಲ್ಲಿಗೆ ಹೋಗೋದೇ ಕಷ್ಟ. 486ರಲ್ಲಿ ಯುಎಸ್‌ಬಿ ಇಲ್ಲ. ಫ್ಲಾಪಿ ಮಾಡೋದನ್ನ ಸೋನಿ 2011ರಲ್ಲೇ ನಿಲ್ಲಿಸಿತು. ಈಗ ಸಿಗೋ ಫ್ಲಾಪಿ ಎಲ್ಲಾ ಹಳೇ ದಾಸ್ತಾನು, ಬೆಲ್ಲದ ಪುಡಿಯೂ ಧೂಳೂ ತುಂಬಿರೋ ಮಂಡಿಯಲ್ಲಿ ಅವು ಬಾಳಿಕೆ ಬರಲ್ಲ.

ಹಾಗಾಗಿ ನೆಟ್‌ವರ್ಕ್ ಕಾರ್ಡು. ಮೈಸೂರಿನಲ್ಲಿ ಹಳೇ ಕಂಪ್ಯೂಟರ್ ಸಾಮಾನು ಮಾರೋರ ಹತ್ತಿರ ರಿಯಲ್‌ಟೆಕ್ 8019ಎಎಸ್ ಚಿಪ್ಪಿನ ಐಎಸ್‌ಎ (ಹಳೇ ಪಿಸಿಗಳ ಸ್ಲಾಟಿಗೆ ಕೂರೋ) ಕಾರ್ಡು ಸಿಕ್ಕಿತು. ಇದು ಎನ್‌ಇ2000 ಜಾತಿಯ ಕಾರ್ಡು. ಡಾಸ್‌ಗೆ ಕಾರ್ಡು ಹುಡುಕೋರಿಗೆ ನನ್ನ ಮೊದಲ ಸಲಹೆ ಇದೇ: ಎನ್‌ಇ2000 ಹೊಂದಾಣಿಕೆ ಇರೋದು, ಇಲ್ಲಾಂದ್ರೆ ತ್ರೀಕಾಮ್ 3ಸಿ509. ಈ ಎರಡಕ್ಕೂ ಡಾಸ್ ಡ್ರೈವರು ಈಗಲೂ ಸುಲಭವಾಗಿ ಸಿಗುತ್ತೆ. ಕೊಳ್ಳುವಾಗ ಹಿಂಭಾಗ ನೋಡಿ. ಬರೀ ದುಂಡನೆಯ ಬಿಎನ್‌ಸಿ ಕನೆಕ್ಟರ್ ಇದ್ರೆ ಇವತ್ತಿನ ರೂಟರಿಗೆ ಸೇರಿಸೋಕಾಗಲ್ಲ, ಈಗಿನ ನೆಟ್‌ವರ್ಕ್ ಕೇಬಲ್ಲು ಕೂರೋ ಆರ್‌ಜೆ45 ಇರಬೇಕು.

ಇಲ್ಲಿಂದ ಮುಂದಿನದನ್ನ ಸ್ವಲ್ಪ ನಿಧಾನವಾಗಿ ಓದಿ. ಯಾವ ಕ್ಲೈಂಟ್ ಒಳ್ಳೇದು ಅನ್ನೋ ಮಾತಿಗಿಂತ ಮುಂಚೆ ಕಾರ್ಡಿನ ಐಆರ್‌ಕ್ಯೂ (ಕೆಲಸ ಬಂದಿದೆ ಅಂತ ಕಾರ್ಡು ಪ್ರೊಸೆಸರನ್ನ ಕರೆಯೋ ತಂತಿಯ ನಂಬರು) ಸರಿ ಮಾಡ್ಕೊಬೇಕು. ಎನ್‌ಇ2000 ಕಾರ್ಡಿಗೆ ರೂಢಿಯಲ್ಲಿರೋ ಸೆಟ್ಟಿಂಗ್ ಐಒ ವಿಳಾಸ (ಪ್ರೊಸೆಸರು ಕಾರ್ಡಿನ ಜೊತೆ ಮಾತಾಡೋ ಜಾಗ) 300 ಹೆಕ್ಸ್ (16ರ ಎಣಿಕೆಯ ಅಂಕಿ), ಐಆರ್‌ಕ್ಯೂ 3. ಕಾಮ್ 2 ಪೋರ್ಟು ಬಳಸೋದೂ ಅದೇ ಐಆರ್‌ಕ್ಯೂ 3ನ್ನೇ. ಎರಡು ಮನೆಗೆ ಒಂದೇ ಕರೆಗಂಟೆ ಇಟ್ಟಹಾಗೆ: ಗಂಟೆ ಹೊಡೆದರೆ ಯಾರ ಮನೆಗೆ ಬಂದಿದ್ದಾರೆ ಅಂತ ಗೊತ್ತಾಗಲ್ಲ. ನಮ್ಮಲ್ಲಿ ಆಗಿದ್ದೂ ಅದೇ. ಡ್ರೈವರು ತಕರಾರಿಲ್ಲದೆ ಲೋಡ್ ಆಯ್ತು, ಕಾರ್ಡಿನ ಹಸಿರು ದೀಪ ಉರೀತು. ಆದರೆ ರೂಟರಿನಿಂದ ವಿಳಾಸ ಬರಲಿಲ್ಲ, ತೂಕವೂ ಸ್ಕ್ರೀನಿಗೆ ಬರೋದು ನಿಂತುಹೋಯ್ತು.

ಸಾವ್ಕಾರ್ರು ಬಂದು ಕೇಳಿದ್ರು, "ಏನವ್ವಾ, ತೂಕದ ಮಿಷನ್ ಕೆಟ್ಟೋಯ್ತಾ? ಹೊರಗಡೆ ಗಾಡಿ ನಿಂತವೆ."

"ಮಿಷನ್ ಚೆನ್ನಾಗದೆ ಸಾವ್ಕಾರ್ರೇ. ಹೊಸ ಕಾರ್ಡು ಅದರ ಜಾಗಕ್ಕೆ ಬಂದು ಕೂತದೆ. ಬಿಚ್ಚಿ ಪಟ್ಟಿ ಹೊಡೀತೀನಿ, ಸಂಜೆ ಸರಿ ಮಾಡ್ತೀನಿ."

ಈ ಲಕ್ಷಣ ನೆನಪಿಟ್ಕೊಳ್ಳಿ. ಪ್ಯಾಕೆಟ್ಟು (ನೆಟ್‌ವರ್ಕಿನಲ್ಲಿ ಹೋಗೋ ಡೇಟಾದ ತುಂಡು) ಆಚೆ ಹೋಗ್ತಿದೆ, ಒಳಗೆ ಒಂದೂ ಬರ್ತಿಲ್ಲ ಅಂದ್ರೆ ಕೇಬಲ್ಲನ್ನ ಬೈಯೋಕೆ ಮುಂಚೆ ಐಆರ್‌ಕ್ಯೂ ನೋಡಿ. ಕಳಿಸೋಕೆ ಐಒ ವಿಳಾಸ ಸರಿ ಇದ್ರೆ ಸಾಕು. ಬಂದದ್ದು ಪ್ರೋಗ್ರಾಮಿಗೆ ತಿಳಿಯಬೇಕಾದ್ರೆ ಐಆರ್‌ಕ್ಯೂ ಸರಿ ಇರಲೇಬೇಕು. ಕಾಮ್ 1ಕ್ಕೆ 4, ಪ್ರಿಂಟರ್ ಪೋರ್ಟಿಗೆ 7, ಹಾರ್ಡ್‌ಡಿಸ್ಕಿಗೆ 14 ಹೋಗಿರುತ್ತೆ. ಸಾಮಾನ್ಯವಾಗಿ ಖಾಲಿ ಇರೋದು 10 ಮತ್ತು 11. ಆದರೆ 10, 11 ಬೇಕಾದ್ರೆ ಕಾರ್ಡು 16 ಬಿಟ್ಟಿನ ಉದ್ದ ಸ್ಲಾಟಿನಲ್ಲೇ ಕೂತಿರಬೇಕು, 8 ಬಿಟ್ಟಿನ ಸಣ್ಣ ಸ್ಲಾಟಿಗೆ ಆ ತಂತಿಗಳೇ ಬರಲ್ಲ. ತೂಕದ ಕೇಬಲ್ಲನ್ನೇ ಕಾಮ್ 1ಕ್ಕೆ ಹಾಕಬಹುದಲ್ಲ ಅಂತ ಕೆಲವರು ಕೇಳ್ತಾರೆ. ನಮ್ಮ ಪ್ರೋಗ್ರಾಮಿನಲ್ಲಿ ಕಾಮ್ 2 ಅಂತ ಒಳಗೇ ಬರೆದುಬಿಟ್ಟಿದ್ದಾರೆ, ಬದಲಾಯಿಸೋಕೆ ಮೂಲ ಕೋಡು ಯಾರ ಹತ್ತಿರಾನೂ ಇಲ್ಲ.

ರಿಯಲ್‌ಟೆಕ್ ಕಾರ್ಡಿನ ಜೊತೆ ಬರೋ ಆರ್‌ಸೆಟ್8019 ಅನ್ನೋ ಡಾಸ್ ಪ್ರೋಗ್ರಾಮಿನಲ್ಲಿ ಮೊದಲು ಪ್ಲಗ್ ಅಂಡ್ ಪ್ಲೇ ತೆಗೆದು ಜಂಪರ್‌ಲೆಸ್ ಅಂತ ಮಾಡಿ, ಆಮೇಲೆ ಐಆರ್‌ಕ್ಯೂ 10 ಕೊಟ್ಟು ಉಳಿಸಿ. ಪ್ಲಗ್ ಅಂಡ್ ಪ್ಲೇ ಅನ್ನೋದು ಇಂಥ ಸೆಟ್ಟಿಂಗನ್ನ ತಾನಾಗೇ ಹೊಂದಿಸೋ, ವಿಂಡೋಸ್ 95ರ ಕಾಲದ ಅನುಕೂಲ. ಎಂಎಸ್ ಡಾಸ್‌ಗೆ ಅದು ತಿಳಿಯಲ್ಲ, ಹಾಗೇ ಬಿಟ್ರೆ ಕೆಲವು ಸಲ ಕಾರ್ಡು ಎದ್ದೇಳೋದೇ ಇಲ್ಲ. ಮಿಷನ್ ಆರಿಸಿ ಮತ್ತೆ ಹಾಕಿದ ಮೇಲೆ ತೂಕವೂ ಬಂತು, ನೆಟ್‌ವರ್ಕೂ ಬಂತು.

ಈಗ ಎಂಟಿಸಿಪಿ ವಿಷಯ. ಇದನ್ನ ಬರೆದೋರು ಮೈಕಲ್ ಬ್ರಟ್‌ಮನ್. ಉಚಿತ, ಮೂಲ ಕೋಡು ಸಮೇತ ಸಿಗುತ್ತೆ, 1981ರ ಐಬಿಎಂ ಪಿಸಿಯಲ್ಲಿದ್ದ 8088 ಪ್ರೊಸೆಸರಿನ ಮೇಲೂ ಓಡುತ್ತೆ. ಕಾರ್ಡಿಗೆ ಪ್ಯಾಕೆಟ್ ಡ್ರೈವರ್ ಅನ್ನೋ ಸಣ್ಣ ಫೈಲು ಬೇಕು. ಎನ್‌ಇ2000 ಡ್ರೈವರಿನ ಹೆಸರಿನ ಮುಂದೆ ಮೂರು ಅಂಕಿ ಕೊಡ್ತೀವಿ: ಸಾಫ್ಟ್‌ವೇರ್ ಇಂಟರಪ್ಟ್ 60 ಹೆಕ್ಸ್, ಐಆರ್‌ಕ್ಯೂ 10, ಐಒ 300 ಹೆಕ್ಸ್. ಮಿಷನ್ ಶುರುವಾದಾಗ ತಾನಾಗೇ ಓಡೋ ಆಟೋಎಕ್ಸೆಕ್ ಫೈಲಿನಲ್ಲಿ ಈ ಒಂದು ಸಾಲು, ಎಂಟಿಸಿಪಿಯ ಕಾನ್ಫಿಗ್ ಫೈಲು ಎಲ್ಲಿದೆ ಅಂತ ಹೇಳೋ ಇನ್ನೊಂದು ಸಾಲು. ಆಮೇಲೆ ಅದರದೇ ಡಿಎಚ್‌ಸಿಪಿ ಪ್ರೋಗ್ರಾಮು ಓಡಿಸಿದರೆ ರೂಟರಿನಿಂದ ವಿಳಾಸ ತಗೊಂಡು ಕಾನ್ಫಿಗ್ ಫೈಲಿನಲ್ಲಿ ತಾನೇ ಬರ್ಕೊಳ್ಳುತ್ತೆ.

ನನಗೆ ಇದರಲ್ಲಿ ತುಂಬಾ ಇಷ್ಟವಾಗಿದ್ದು ಮೆಮೊರಿ ವಿಷಯ. ಡಾಸ್ ಪ್ರೋಗ್ರಾಮುಗಳ ಬಾಳೆಲ್ಲಾ ಆ 640 ಕೆಬಿಯಲ್ಲೇ. ಎಂಟಿಸಿಪಿಯ ಎಫ್‌ಟಿಪಿ (ಫೈಲು ಸಾಗಿಸೋದು), ಪಿಂಗ್ (ಇನ್ನೊಂದು ಕಂಪ್ಯೂಟರು ಸಿಗುತ್ತಾ ಅಂತ ನೋಡೋದು), ಟೆಲ್‌ನೆಟ್ ಎಲ್ಲವೂ ಬೇಕಾದಾಗ ಓಡಿ, ಮುಗಿದ ಮೇಲೆ ಜಾಗ ಪೂರ್ತಿ ಬಿಟ್ಟುಕೊಟ್ಟು ಹೋಗ್ತವೆ. ಕೂತುಕೊಳ್ಳೋದು ಪ್ಯಾಕೆಟ್ ಡ್ರೈವರ್ ಮಾತ್ರ, ಅದಕ್ಕೆ ಕೆಲವೇ ಕೆಬಿ ಸಾಕು. ಕ್ಲಿಪ್ಪರ್ ಪ್ರೋಗ್ರಾಮಿಗೆ ನೆಟ್‌ವರ್ಕ್ ಇದೆ ಅನ್ನೋದೇ ಗೊತ್ತಾಗಲ್ಲ. ಸಂಜೆ ಪಟ್ಟಿ ಮುಗಿದ ಮೇಲೆ ಎಫ್‌ಟಿಪಿ ತೆರೆದು ಆ ದಿನದ ಡಿಬಿಎಫ್ ಫೈಲುಗಳನ್ನ ಹೊಸ ಕಂಪ್ಯೂಟರಿಗೆ ಕಳಿಸ್ತೀನಿ. ಕಳಿಸೋ ಮುಂಚೆ ಬೈನರಿ ಅಂತ ಟೈಪ್ ಮಾಡೋದನ್ನ ತಪ್ಪಿಸಬೇಡಿ. ಆಸ್ಕಿ ರೀತಿಯಲ್ಲಿ ಹೋದರೆ ಸಾಲಿನ ಕೊನೆಯ ಗುರುತುಗಳು ಬದಲಾಗಿ ಡಿಬಿಎಫ್ ಕೆಡುತ್ತೆ. ಬೇಕಾದ್ರೆ ಉಲ್ಟಾನೂ ಮಾಡಬಹುದು: ಡಾಸ್ ಮಿಷನ್ನಿನಲ್ಲೇ ಅದರ ಎಫ್‌ಟಿಪಿ ಸರ್ವರ್ ಓಡಿಸಿ, ಹೊಸ ಕಂಪ್ಯೂಟರಿನ ಫೈಲ್‌ಜಿಲ್ಲಾ ಅನ್ನೋ ಎಫ್‌ಟಿಪಿ ಪ್ರೋಗ್ರಾಮಿನಿಂದ ಎಳ್ಕೊಬಹುದು. ಆದರೆ ಸರ್ವರ್ ಓಡ್ತಿರೋ ಹೊತ್ತಿನಲ್ಲಿ ಡಾಸ್‌ನಲ್ಲಿ ಬೇರೆ ಕೆಲಸ ಆಗಲ್ಲ, ಗಾಡಿ ಬರೋ ಹೊತ್ತಿನಲ್ಲಿ ಅದು ನಮಗೆ ಒಗ್ಗಲ್ಲ. ಎಫ್‌ಟಿಪಿಯಲ್ಲಿ ಪಾಸ್‌ವರ್ಡು ಬಟಾಬಯಲಲ್ಲೇ ಹೋಗುತ್ತೆ. ಮಂಡಿಯೊಳಗಿನ ನೆಟ್‌ವರ್ಕಿನಲ್ಲಿ ಇರಲಿ, ಹೊರಗಿನ ಇಂಟರ್‌ನೆಟ್ಟಿಗೆ ತೆರೆಯಬೇಡಿ.

ಮೈಕ್ರೋಸಾಫ್ಟ್ ಕ್ಲೈಂಟ್ 3.0 ಬೇರೆಯದೇ ದಾರಿ. ವಿಂಡೋಸ್ ಎನ್‌ಟಿ ಸರ್ವರ್ ಸೀಡಿಯಲ್ಲಿ ಡಾಸ್ ಮಿಷನ್ನುಗಳಿಗೆ ಅಂತಲೇ ಕೊಟ್ಟಿದ್ದ ಎರಡು ಫ್ಲಾಪಿಯ ಸಾಮಾನು ಇದು. ಹಾಕಿದ ಮೇಲೆ ನೆಟ್ ಯೂಸ್ ಅಂತ ಒಂದು ಆಜ್ಞೆ ಕೊಟ್ರೆ ಪಕ್ಕದ ಕಂಪ್ಯೂಟರಿನ ಫೋಲ್ಡರು ಎಫ್ ಡ್ರೈವ್ ಆಗಿ ಬಂದು ಕೂರುತ್ತೆ. ಡಾಸ್‌ನ ಕಾಪಿ ಆಜ್ಞೆಯೇ ಸಾಕು, ಪ್ರೋಗ್ರಾಮು ನೇರವಾಗಿ ಅಲ್ಲೇ ಬರೆಯಬಹುದು, ನೆಟ್‌ವರ್ಕ್ ಪ್ರಿಂಟರನ್ನೂ ಎಲ್‌ಪಿಟಿ ಪೋರ್ಟಿಗೆ ಕೂರಿಸಬಹುದು. ಆ ಅನುಕೂಲ ನಿಜವಾಗಿಯೂ ದೊಡ್ಡದು. ಒಂದೇ ಡೇಟಾವನ್ನ ಎರಡು ಮೂರು ಡಾಸ್ ಮಿಷನ್ನುಗಳು ಹಂಚ್ಕೊಂಡು ಕೆಲಸ ಮಾಡೋ ಕಡೆ ಎಫ್‌ಟಿಪಿಯಿಂದ ಈ ಕೆಲಸ ಆಗಲ್ಲ.

ಅದಕ್ಕೆ ಬೆಲೆ ಮೆಮೊರಿಯಲ್ಲಿ ಕೊಡಬೇಕು. ಟಿಸಿಪಿ ಐಪಿಯ (ನೆಟ್‌ವರ್ಕಿನಲ್ಲಿ ಮಾತಾಡೋ ಭಾಷೆ) ಭಾಗಗಳೂ, ಬೇರೆ ಕಂಪ್ಯೂಟರಿನ ಫೋಲ್ಡರನ್ನ ಡ್ರೈವ್ ಥರ ತೋರಿಸೋ ರೀಡೈರೆಕ್ಟರೂ ಒಂದರ ಹಿಂದೆ ಒಂದು ಮೆಮೊರಿಯಲ್ಲೇ ಕೂರ್ತವೆ, ತಾವಾಗೇ ಜಾಗ ಬಿಟ್ಟುಕೊಡಲ್ಲ. ಡಾಸ್‌ನ ಮೆಮೊರಿ ಡ್ರೈವರುಗಳಾದ ಹೈಮೆಮ್, ಇಎಂಎಂ386 ಹಾಕಿ ಆದಷ್ಟನ್ನ ಮೇಲಿನ ಮೆಮೊರಿಗೆ ತಳ್ಳಿ, ಮೆಮ್ ಆಜ್ಞೆಗೆ ಸ್ಲ್ಯಾಶ್ ಸಿ ಕೊಟ್ಟು ಯಾವುದು ಎಲ್ಲಿದೆ ಅಂತ ನೋಡ್ಕೊಳ್ಳಿ. ಸೆಟಪ್‌ನಲ್ಲಿ ಫುಲ್ ರೀಡೈರೆಕ್ಟರ್ ಬದಲು ಬೇಸಿಕ್ ಆರಿಸಿದರೆ ಜಾಗ ಉಳಿಯುತ್ತೆ. ಡೊಮೇನ್ ಲಾಗಿನ್ (ಕಚೇರಿಯ ಸರ್ವರ್ ಮೂಲಕ ಒಳಗೆ ಹೋಗೋದು) ಬೇಕಾದೋರಿಗೆ ಮಾತ್ರ ಫುಲ್ ಬೇಕು. ಅಷ್ಟಾದರೂ ಸಾಲದಿದ್ರೆ ಡಾಸ್ 6ರಿಂದ ಬಂದಿರೋ ಬೂಟ್ ಮೆನು ಮಾಡಿಕೊಳ್ಳಿ: ಒಂದನೇ ಆಯ್ಕೆ ಪಟ್ಟಿಗೆ, ಎರಡನೇದು ನೆಟ್‌ವರ್ಕಿಗೆ. ನಾನು ಈ ಕ್ಲೈಂಟನ್ನ ಪರೀಕ್ಷೆ ಮಾಡಿದ್ದೂ ಹಾಗೇನೇ.

ಸೆಟ್ಟಿಂಗುಗಳೆಲ್ಲ ನೆಟ್ ಡೈರೆಕ್ಟರಿಯ ಪ್ರೊಟೊಕಾಲ್ ಡಾಟ್ ಐಎನ್‌ಐ ಫೈಲಿನಲ್ಲಿರ್ತವೆ. ಕಾರ್ಡಿನ ಐಆರ್‌ಕ್ಯೂ 10 ಅಂತ ಇಲ್ಲೂ ಬರೀಬೇಕು, ಕಾರ್ಡಿನೊಳಗೆ ಬದಲಾಯಿಸಿದ್ದು ಈ ಫೈಲಿಗೆ ತಾನಾಗೇ ತಿಳಿಯಲ್ಲ. ವಿಳಾಸ ಕೈಯಾರೆ ಕೊಡೋದಾದ್ರೆ ಅಂಕಿಗಳ ಮಧ್ಯೆ ಚುಕ್ಕಿ ಇಡಬಾರದು, ಜಾಗ ಬಿಡಬೇಕು: 192 168 1 20 ಅಂತ. ಡಿಎಚ್‌ಸಿಪಿ ಬೇಡ ಅನ್ನೋ ಸಾಲಿಗೆ 1 ಕೊಡಬೇಕು. ಎರರ್ 33, ಬೈಂಡ್ ಆಗ್ತಿಲ್ಲ ಅಂತ ಬಂದ್ರೆ ಡ್ರೈವರು, ಐಒ ವಿಳಾಸ, ಪ್ರೊಟೊಕಾಲ್ ಡಾಟ್ ಐಎನ್‌ಐ ಈ ಮೂರನ್ನ ನೋಡಿ. ಎರರ್ 53 ಅಂದ್ರೆ ಆ ಹೆಸರಿನ ಕಂಪ್ಯೂಟರು ಸಿಗ್ತಿಲ್ಲ ಅಂತ. ಮೊದಲು ಪಿಂಗ್ ಮಾಡಿ, ಅದಕ್ಕೆ ಉತ್ತರ ಬಂದರೆ ಎಲ್‌ಎಂಹೋಸ್ಟ್ಸ್ ಫೈಲಿನಲ್ಲಿ ಹೆಸರೂ ವಿಳಾಸವೂ ಬರೆದಿಡಿ. ಎರರ್ 5 ಆದರೆ ಪಾಸ್‌ವರ್ಡಿನ ಇಲ್ಲವೇ ಅನುಮತಿಯ ಸಮಸ್ಯೆ. ಶೇರಿನ ಹೆಸರು, ಫೈಲಿನ ಹೆಸರು ಎಂಟು ಅಕ್ಷರದೊಳಗಿರಲಿ.

ಇವೆಲ್ಲ ಮಾಡಬಹುದಾದ ಕೆಲಸಗಳೇ. ನನ್ನನ್ನ ಹಿಂದೆ ಎಳೆದಿದ್ದು ಸುರಕ್ಷತೆ. ಈ ಕ್ಲೈಂಟಿಗೆ ಗೊತ್ತಿರೋದು ಎಸ್‌ಎಂಬಿಯ (ವಿಂಡೋಸ್ ಕಂಪ್ಯೂಟರುಗಳು ಫೋಲ್ಡರು ಹಂಚ್ಕೊಳ್ಳೋ ಭಾಷೆ) ಹಳೇ ಮಾತು, ಲ್ಯಾನ್‌ಮ್ಯಾನ್ ಅನ್ನೋ ಮೊದಲಿನ ವ್ಯವಸ್ಥೆಯ ಕಾಲದ್ದು. ಪಾಸ್‌ವರ್ಡು 14 ಅಕ್ಷರ ದಾಟಲ್ಲ, ದೊಡ್ಡಕ್ಷರ ಚಿಕ್ಕಕ್ಷರದ ಭೇದವೂ ಇಲ್ಲ. 2017ರಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವಾನಾಕ್ರೈ ವೈರಸ್ ಹರಡಿದ್ದು ಎಸ್‌ಎಂಬಿ 1ರ ದೋಷ ಹಿಡಿದೇ. ಅದೇ ವರ್ಷ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಎಸ್‌ಎಂಬಿ 1 ತಾನಾಗಿ ಇನ್‌ಸ್ಟಾಲ್ ಆಗಲ್ಲ, ಲಿನಕ್ಸಿನಲ್ಲಿ ಅದೇ ಫೋಲ್ಡರ್ ಹಂಚೋ ಕೆಲಸ ಮಾಡೋ ಸಾಂಬಾದಲ್ಲೂ 2019ರ 4.11 ಆವೃತ್ತಿಯಿಂದ ಮುಚ್ಚಿಟ್ಟಿದ್ದಾರೆ. ಸಾಂಬಾದಲ್ಲಿ ಕನಿಷ್ಠ ಪ್ರೊಟೊಕಾಲನ್ನ ಲ್ಯಾನ್‌ಮ್ಯಾನ್‌ಗೆ ಇಳಿಸಿ, ಲ್ಯಾನ್‌ಮ್ಯಾನ್ ದೃಢೀಕರಣ ಒಪ್ಕೊ ಅಂತ ಬರೆದರೆ ಡಾಸ್ ಮಿಷನ್ನು ಒಳಗೆ ಬರುತ್ತೆ. ಆದರೆ ಬ್ಯಾಂಕಿನ ಕೆಲಸ, ಜಿಎಸ್‌ಟಿ ರಿಟರ್ನು ನಡೆಯೋ ಕಂಪ್ಯೂಟರಿನಲ್ಲಿ ಈ ಬಾಗಿಲು ತೆರೆಯೋಕೆ ನಾನು ಯಾರಿಗೂ ಹೇಳಲ್ಲ. ಡ್ರೈವ್ ಬೇಕೇ ಬೇಕು ಅನ್ನೋರು ಒಂದು ಹಳೇ ಪಿಸಿಗೆ ಲಿನಕ್ಸ್ ಹಾಕಿ ಅದನ್ನ ಮಧ್ಯದಲ್ಲಿಡಿ. ಡಾಸ್ ಮಿಷನ್ನು ಅದರಲ್ಲಿ ಬರೀಲಿ, ಹೊಸ ಕಂಪ್ಯೂಟರು ಬೇರೆ ಸುರಕ್ಷಿತ ದಾರಿಯಲ್ಲಿ ಅಲ್ಲಿಂದ ತಗೊಳ್ಳಲಿ.

ಬ್ರಟ್‌ಮನ್ ಅವರದೇ ನೆಟ್‌ಡ್ರೈವ್ ಕೂಡ ಇದೆ, ಪ್ಯಾಕೆಟ್ ಡ್ರೈವರ್ ಮೇಲೆ ಓಡಿ ಡಾಸ್‌ಗೆ ಡ್ರೈವ್ ಅಕ್ಷರ ಕೊಡುತ್ತೆ. ಅದು ಕೊಡೋದು ಡಿಸ್ಕ್ ಇಮೇಜ್ ಫೈಲನ್ನ, ಸಾಮಾನ್ಯ ಫೋಲ್ಡರನ್ನಲ್ಲ. ಬ್ಯಾಕಪ್ಪಿಗೆ ಚೆನ್ನ. ಒಂದೇ ಡಿಬಿಎಫ್‌ಗೆ ಇಬ್ಬರು ಒಟ್ಟಿಗೆ ಬರೆಯೋ ಕೆಲಸಕ್ಕೆ ಆಗಲ್ಲ.

ನನ್ನ ಅಂಕ: ಎಂಟಿಸಿಪಿಗೆ ಐದಕ್ಕೆ ಐದು, ಮೈಕ್ರೋಸಾಫ್ಟ್ ಕ್ಲೈಂಟಿಗೆ ಮೂರು. ಎಂಟಿಸಿಪಿ ಹಾಕಿದೋರು ನೆಟ್‌ವರ್ಕಿನಿಂದ ಸರಿಯಾದ ಸಮಯ ತರೋ ಅದರ ಎಸ್‌ಎನ್‌ಟಿಪಿ ಪ್ರೋಗ್ರಾಮನ್ನೂ ಆಟೋಎಕ್ಸೆಕ್‌ಗೆ ಸೇರಿಸಿ. ಹಳೇ ಬೋರ್ಡಿನ ಬ್ಯಾಟರಿ ಹೋದರೆ ಡಾಸ್ ತಾರೀಕು 1980ಕ್ಕೆ ಹೋಗಿ ನಿಲ್ಲುತ್ತೆ. ಬೆಳಿಗ್ಗೆ ಯಾರೂ ನೋಡದಿದ್ರೆ ರೈತರ ಪಟ್ಟಿಯಲ್ಲೂ ಅದೇ ತಾರೀಕು ಅಚ್ಚಾಗುತ್ತೆ, ಮಂಡಿಯಲ್ಲಿ ಅದು ಸಣ್ಣ ವಿಷಯ ಅಲ್ಲ. ಟಿಜಡ್ (ಟೈಮ್ ಝೋನ್) ಅನ್ನೋ ವೇರಿಯಬಲ್ಲಿಗೆ ಐಎಸ್‌ಟಿ, ಅದರ ಮುಂದೆ ಮೈನಸ್ 5:30 ಅಂತ ಕೊಡಿ. ನಾವು ಗ್ರೀನಿಚ್‌ಗಿಂತ ಮುಂದಿದ್ದರೂ ಇಲ್ಲಿ ಬರೆಯೋದು ಮೈನಸ್ಸೇ. ಪ್ಲಸ್ ಕೊಟ್ರೆ ಗಡಿಯಾರ ಹನ್ನೊಂದು ಗಂಟೆ ಹಿಂದೆ ಹೋಗುತ್ತೆ.