‘ಬಹಳ’ ಎನ್ನಲು ಇಂಗ್ಲಿಷಿನಲ್ಲಿ ಯಾವ ಪದ? ಆಕ್ಸ್‌ಫರ್ಡ್ ಕಾಲೊಕೇಶನ್ಸ್ ಡಿಕ್ಷನರಿ

ಕಡುಬಡತನ ಎನ್ನುವ ನಾವು ಹಚ್ಚಬಡತನ ಎನ್ನುವುದಿಲ್ಲ. ‘ತೀರಾ ಕಳಪೆ’ ಎಂಬ ಮಾತು ಬಾಯಿಗೆ ತಾನಾಗಿ ಬರುತ್ತದೆ, ‘ತೀರಾ ಸೊಗಸು’ ಎಂಬುದು ಬರುವುದಿಲ್ಲ. ಯಾವ ಪದ ಯಾವುದರ ಜೊತೆ ಒಗ್ಗುತ್ತದೆ ಎಂಬ ಈ ತಿಳಿವಳಿಕೆಯನ್ನು ವ್ಯಾಕರಣದ ಪಾಠ ನಮಗೆ ಕೊಟ್ಟದ್ದಲ್ಲ, ಮನೆಮಾತನ್ನು ಕೇಳಿ ಕೇಳಿ ಬಂದದ್ದು. ಕನ್ನಡ ಮಾಧ್ಯಮದಲ್ಲಿ ಓದಿ, ಐದನೆಯ ತರಗತಿಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ತಿದ್ದಲು ತೊಡಗಿದ ನನ್ನಂಥವರಿಗೆ ಆ ಭಾಷೆಯ ಒತ್ತುಪದಗಳ ವಿಷಯದಲ್ಲಿ ಇಂಥ ಕಿವಿ ಇರುವುದಿಲ್ಲ. ‘ವೆರಿ’, ‘ಹೈಲಿ’, ‘ಡೀಪ್ಲಿ’, ‘ಅಟರ್ಲಿ’ ಎಲ್ಲವಕ್ಕೂ ಇಂಗ್ಲಿಷ್–ಕನ್ನಡ ನಿಘಂಟು ‘ಬಹಳ’, ‘ಅತ್ಯಂತ’ ಎಂದೇ ಅರ್ಥ ಕೊಡುವುದರಿಂದ ನಾವು ಕೈಗೆ ಸಿಕ್ಕಿದ್ದನ್ನು ಬಳಸಿಬಿಡುತ್ತೇವೆ. ‘ಐ ಆಮ್ ಹೈಲಿ ಸಾರಿ’ ಎಂದು ಎಷ್ಟೋ ವರ್ಷ ನಾನೂ ಬರೆದಿದ್ದೇನೆ.

ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಶಿಫಾರಸು ಪತ್ರ ಬರೆದುಕೊಡುವ ಕೆಲಸ ಹೆಚ್ಚಾದಂತೆ ನನಗೆ ನಿಜವಾಗಿ ಉಪಯೋಗಕ್ಕೆ ಬಂದ ಪುಸ್ತಕ ಇದು. ಮೊದಲ ಆವೃತ್ತಿ 2002ರಲ್ಲಿ, ಎರಡನೆಯದು 2009ರಲ್ಲಿ ಬಂತು. ಎರಡನೆಯದರಲ್ಲಿ 2,50,000ಕ್ಕೂ ಹೆಚ್ಚು ಪದಜೋಡಿಗಳಿವೆ. ಪದದ ಅರ್ಥವನ್ನು ಹೇಳುವುದು ಇದರ ಕೆಲಸವಲ್ಲ, ಪದದ ಜೊತೆಗಾರರನ್ನು ತೋರಿಸುವುದು ಇದರ ಕೆಲಸ.

ಹುಡುಕುವ ಕ್ರಮವನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ‘ಹೈಲಿ’ ಎಂಬ ಪದವನ್ನೇ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಇಲ್ಲಿ ನಾಮಪದ, ಕ್ರಿಯಾಪದ ಮತ್ತು ವಿಶೇಷಣಗಳಿಗೆ ಮಾತ್ರ ನಮೂದು ಇದೆ. ಒತ್ತು ಕೊಡಬೇಕಾದ ಪದವನ್ನು ತೆರೆದರೆ ಅದಕ್ಕೆ ಹೊಂದುವ ಕ್ರಿಯಾವಿಶೇಷಣಗಳು ಸಾಲಾಗಿ ಕಾಣುತ್ತವೆ, ಅರ್ಥದಲ್ಲಿ ಹತ್ತಿರವಿರುವವು ಒಂದು ಗುಂಪಿನಲ್ಲಿದ್ದು ಗುಂಪುಗಳ ನಡುವೆ ಒಂದು ಲಂಬ ಗೆರೆ ಇರುತ್ತದೆ. ನಿರಾಶೆ ‘ಬಿಟರ್ಲಿ’ ಅಥವಾ ‘ಡೀಪ್ಲಿ’ ಆಗುತ್ತದೆ, ನಂಬಿಕೆ ‘ಫರ್ಮ್ಲಿ’ ಆಗುತ್ತದೆ, ಕ್ಷಮೆಯನ್ನು ‘ಪ್ರೊಫ್ಯೂಸ್ಲಿ’ ಕೇಳಲಾಗುತ್ತದೆ, ಶಿಫಾರಸನ್ನು ‘ಹೈಲಿ’ ಎಂದೂ ‘ಸ್ಟ್ರಾಂಗ್ಲಿ’ ಎಂದೂ ಮಾಡಬಹುದು.

ಈ ಪುಸ್ತಕ ನನ್ನನ್ನು ಒಂದು ತಪ್ಪಿನಿಂದ ಉಳಿಸಿದ ಸಂದರ್ಭವನ್ನು ಹೇಳಬೇಕು. ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಯೋಗ್ಯತೆಯನ್ನು ಒತ್ತಿ ಹೇಳಲು ನಾನು ‘ಫುಲಿ ಕ್ವಾಲಿಫೈಡ್’ ಎಂದು ಬರೆದಿದ್ದೆ. ‘ಕ್ವಾಲಿಫೈಡ್’ ತೆರೆದು ನೋಡಿದಾಗ ‘ಹೈಲಿ’, ‘ವೆಲ್’, ‘ಫುಲಿ’, ‘ಸೂಟಬ್ಲಿ’ ಎಲ್ಲವೂ ಇದ್ದವು, ಆದರೆ ಒಂದೇ ಗುಂಪಿನವಾಗಿರಲಿಲ್ಲ. ಯೋಚಿಸಿದಾಗ ವ್ಯತ್ಯಾಸ ಹೊಳೆಯಿತು: ‘ಫುಲಿ ಕ್ವಾಲಿಫೈಡ್’ ವೈದ್ಯರೆಂದರೆ ವೃತ್ತಿಗೆ ಬೇಕಾದ ತರಬೇತಿಯನ್ನೆಲ್ಲ ಮುಗಿಸಿದವರು, ‘ಹೈಲಿ ಕ್ವಾಲಿಫೈಡ್’ ಎಂದರೆ ಮೇಲ್ಮಟ್ಟದ ಅರ್ಹತೆ ಪಡೆದವರು. ಇನ್ನೂ ಕಲಿಯಲು ಹೊರಟಿರುವ ಹುಡುಗಿಗೆ ನಾನು ಕಲಿಕೆ ಮುಗಿದಿದೆ ಎಂಬ ಪ್ರಮಾಣಪತ್ರ ಕೊಡುತ್ತಿದ್ದೆ. ಅದನ್ನು ಹೊಡೆದುಹಾಕಿ ‘ವೆಲ್ ಕ್ವಾಲಿಫೈಡ್’ ಎಂದು ತಿದ್ದಿದೆ.

ಜೋಡಿಯನ್ನು ತೋರಿಸುವ ಈ ಪುಸ್ತಕ ವ್ಯತ್ಯಾಸವನ್ನು ವಿವರಿಸುವುದು ಕಡಿಮೆ. ‘ಎಸ್ಪೆಷಲಿ’ ಮತ್ತು ‘ಸ್ಪೆಷಲಿ’ ನಡುವೆ ಆಯ್ಕೆ ಮಾಡಬೇಕಾದಾಗ ನಾನು ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಕಡೆಗೆ ತಿರುಗುತ್ತೇನೆ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಸಿದ್ಧಪಡಿಸಿ 1942ರಲ್ಲಿ ಅಲ್ಲಿಯೇ ಅಚ್ಚಾದ ನಿಘಂಟಿನಿಂದ ಬೆಳೆದದ್ದು ಅದು. ಮೊದಲಿನಿಂದಲೂ ಪರಭಾಷೆಯವರ ಕಷ್ಟ ಬಲ್ಲ ಪುಸ್ತಕ. ಹಲವು ಸಂಗತಿಗಳ ನಡುವೆ ಒಂದನ್ನು ಎತ್ತಿ ತೋರಲು ‘ಎಸ್ಪೆಷಲಿ’, ಒಂದು ಉದ್ದೇಶಕ್ಕೆಂದೇ ಮಾಡಿದ್ದನ್ನು ಹೇಳಲು ‘ಸ್ಪೆಷಲಿ’ ಎಂಬ ತಿಳಿವಳಿಕೆ ಅಲ್ಲಿ ಸರಳವಾಗಿ ಸಿಗುತ್ತದೆ, ಅದರ ಜಾಲತಾಣವನ್ನು ಹಣ ಕೊಡದೆಯೇ ನೋಡಬಹುದು.

‘ಕ್ವೈಟ್’ ಎಂಬ ಪದವನ್ನಂತೂ ಪಟ್ಟಿ ನೋಡಿ ಬಳಸಬಾರದು. ಬ್ರಿಟಿಷರ ‘ಕ್ವೈಟ್ ಗುಡ್’ ನಮ್ಮ ‘ಪರವಾಗಿಲ್ಲ’ ಎಂಬಷ್ಟಕ್ಕೇ ನಿಲ್ಲಬಹುದು, ಅವರದೇ ‘ಕ್ವೈಟ್ ಇಂಪಾಸಿಬಲ್’ ಸಂಪೂರ್ಣ ಅಸಾಧ್ಯ ಎಂದಾಗುತ್ತದೆ, ಅಮೆರಿಕದಲ್ಲಿ ಅದು ಸಾಮಾನ್ಯವಾಗಿ ‘ವೆರಿ’ಯಷ್ಟೇ ಬಲವಾದ ಪದ. ಒಂದೇ ಪತ್ರ ಎರಡೂ ದೇಶಗಳಿಗೆ ಹೋಗುವಾಗ ನಾನು ಆ ಪದವನ್ನು ಕೈಬಿಡುತ್ತೇನೆ.

ಪುಟ ತಿರುಗಿಸುವ ತಾಳ್ಮೆಯುಳ್ಳ ಅಧ್ಯಾಪಕರು, ಅನುವಾದಕರು ಮತ್ತು ಸಂಶೋಧನಾ ಲೇಖನ ಬರೆಯುವವರು ಇದನ್ನು ಕೊಳ್ಳಲಿ. ಆರಂಭದ ಹಂತದಲ್ಲಿರುವವರಿಗೆ ಅರ್ಥ ಹೇಳುವ ನಿಘಂಟೇ ಮೊದಲು ಬೇಕು.