ವರ್ಷದ ದುಡ್ಡು ಒಟ್ಟಿಗೆ ಕೊಡಬೇಡಿ ಮಾರಾಯ್ರೇ: ಡೊಂಬಿವಲಿಯಿಂದ ಮಹಾಪೆಗೆ ಸಿಂಗಾಪುರ ಸುತ್ತಿ ಹೋದ ನನ್ನ ಇಂಟರ್ನೆಟ್

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ವಾರ ಸುಮ್ನೆ ಕೂತಿದ್ದೆ. ನಾಚಿಕೆ. ಇಪ್ಪತ್ತೆರಡು ವರ್ಷದಿಂದ ಬೇರೆಯವರ ಲೆಕ್ಕ ನೋಡುವವಳು ನಾನು. ಒಂದು ರೂಪಾಯಿ ಹೆಚ್ಚುಕಡಿಮೆಯಾದರೆ ರಾತ್ರಿ ನಿದ್ದೆ ಬರುವುದಿಲ್ಲ. ಅಂಥವಳು 11,210 ರೂಪಾಯಿ ಒಟ್ಟಿಗೆ ಕೊಟ್ಟು, ಅದು ಸಾಲದು ಅಂತ ಮೇಲೆ ಇನ್ನೊಂದು 1,770 ಕೊಟ್ಟು ಟೋಪಿ ಹಾಕಿಸಿಕೊಂಡೆ ಅಂತ ಯಾರ ಹತ್ತಿರ ಹೇಳಿಕೊಳ್ಳುವುದು? ಆದರೆ ನಿನ್ನೆ ನಮ್ಮ ಸೊಸೈಟಿಯ ಬಿ ವಿಂಗಿನ ಕೆಳಗೆ ನನಗೆ ಇಂಟರ್ನೆಟ್ ಕನೆಕ್ಷನ್ ಮಾರಿದ ಅದೇ ನೀಲಿ ಟೀ ಶರ್ಟಿನವರು ಮೇಜು ಹಾಕಿ ಕೂತಿದ್ದು ನೋಡಿದೆ. ಸಾಕಾಯಿತು. ಕಂಪನಿಯ ಹೆಸರು ಹಾಕುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ. ನಡೆದದ್ದು ಮಾತ್ರ ಹೇಳುತ್ತೇನೆ.

ನಾನು ಇರುವುದು ಮುಂಬೈ ಬದಿಯ ಡೊಂಬಿವಲಿ ಪೂರ್ವದಲ್ಲಿ, ಕೆಲಸ ಮನೆಯಿಂದ. ಆಫೀಸಿನ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಇರುವ ಮಶೀನು ನವಿ ಮುಂಬೈಯ ಮಹಾಪೆಯ ಒಂದು ಡೇಟಾ ಸೆಂಟರಿನಲ್ಲಿದೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅದರೊಳಗೆ ಹೋಗಿ ಎಂಟ್ರಿ ಮಾಡುತ್ತೇನೆ. ನಾನು ಇಲ್ಲಿ ಒತ್ತಿದ ಒಂದೊಂದು ಅಂಕಿಯೂ ಮಹಾಪೆಗೆ ಹೋಗಿ, ತಿರುಗಿ ಬಂದು, ಆಮೇಲೆ ನನ್ನ ಪರದೆಯ ಮೇಲೆ ಕಾಣಬೇಕು. ನನಗೆ ದೊಡ್ಡ ಸ್ಪೀಡ್ ಬೇಡ, ಹೋಗಿ ಬರುವ ಸಮಯ ಕಡಿಮೆ ಇರಬೇಕು, ಅಷ್ಟೇ. ಶಿಳ್‌ಫಾಟಾ ಮೇಲೆ ಹೋದರೆ ಮಹಾಪೆ ಇಲ್ಲಿಂದ ಇಪ್ಪತ್ತು ಕಿಲೋಮೀಟರೂ ಇಲ್ಲ. ಮೊದಲು ಇದ್ದದ್ದು ನಮ್ಮ ಕೇಬಲ್ ಕಾಕಾನ ಕನೆಕ್ಷನ್. 40 ಎಂಬಿಪಿಎಸ್. ಜೋರು ಮಳೆ ಬಂದರೆ ಎರಡು ದಿನ ಇಲ್ಲ, ಫೋನ್ ಎತ್ತುವುದಿಲ್ಲ, ಎಲ್ಲ ನಿಜ. ಆದರೆ ನಡೆಯುವಾಗ ಮಹಾಪೆಗೆ ಹೋಗಿ ಬರಲು 6 ಮಿಲಿಸೆಕೆಂಡು. ಆಗ ಅದರ ಬೆಲೆ ನನಗೆ ಗೊತ್ತಿರಲಿಲ್ಲ.

ಚೌತಿಗೆ ನಾಲ್ಕು ದಿನ ಮುಂಚೆ ಹೊಸ ಇಂಟರ್ನೆಟ್ ಕಂಪನಿಯ ಕನೆಕ್ಷನ್ ಮಾರುವ ಈ ಹುಡುಗ ಬಂದ. ಬಾಗಿಲ ಬೋರ್ಡು ನೋಡಿ ಕನ್ನಡದಲ್ಲೇ ಶುರು. "ಅಕ್ಕ, ನೀವು ನಮ್ಮ ಊರ ಬದಿಯವರಾ?" ಕುಂದಾಪುರ ಅಂದೆ. "ಅಯ್ಯೋ, ನಮ್ಮ ಅಜ್ಜಿ ಮನೆ ಬೈಂದೂರು" ಅಂದ. ಮುಗಿಯಿತು ಕಥೆ. ಒಳಗೆ ಕರೆದು ಚಹಾ ಕೊಟ್ಟೆ. ಹಬ್ಬಕ್ಕೆ ಮಾಡಿಟ್ಟ ಚಕ್ಕುಲಿಯನ್ನೂ ಕೊಟ್ಟೆ. ದುಡ್ಡಿಗಿಂತ ಆ ಚಕ್ಕುಲಿ ನೆನಪಾದಾಗ ಹೊಟ್ಟೆ ಜಾಸ್ತಿ ಉರಿಯುತ್ತದೆ.

ನಾನು ಕೇಳದೆ ಕೊಟ್ಟದ್ದಲ್ಲ, ಇದನ್ನು ದಯವಿಟ್ಟು ಗಮನಿಸಿ. ಸರಿಯಾಗಿ ಕೇಳಿದ್ದೆ. "ನನ್ನ ಸರ್ವರ್ ಮಹಾಪೆಯಲ್ಲಿದೆ, ರಿಮೋಟ್ ಕೆಲಸ, ತಡ ಆಗಬಾರದು, ಹೇಗೆ?" ಅವನು ನಕ್ಕ. "ಅಕ್ಕ, ನಮ್ಮದು ಮುಂಬೈ ಡೈರೆಕ್ಟ್ ಲೈನ್. ಮಹಾಪೆ ಅಂದರೆ ನಮಗೆ ಪಕ್ಕದ ಮನೆ." ಆಮೇಲೆ ತನ್ನ ಫೋನ್ ತೆಗೆದು ಸ್ಪೀಡ್ ಟೆಸ್ಟ್ ತೋರಿಸಿದ. 300 ಎಂಬಿಪಿಎಸ್, ಪಿಂಗ್, ಅಂದರೆ ಹೋಗಿ ಬರುವ ಸಮಯ, 2 ಮಿಲಿಸೆಕೆಂಡು. "ನೋಡಿ ಅಕ್ಕ, ಎರಡೇ ಎರಡು." ಆ ಟೆಸ್ಟು ಯಾವ ಸರ್ವರಿಗೆ ಹೋಗುತ್ತಿದೆ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅವರದೇ ಕಂಪನಿಯ ಸರ್ವರು, ಡೊಂಬಿವಲಿಯಲ್ಲೇ ಇರುವುದು. ಅಡುಗೆಮನೆಯಿಂದ ಜಗಲಿಗೆ ನಡೆದು ತೋರಿಸಿ, ಊರಿಗೆ ಹೋಗುವ ಬಸ್ಸೂ ಇಷ್ಟೇ ಬೇಗ ತಲುಪುತ್ತದೆ ಅಂದ ಹಾಗೆ. ನಾನು ಆ ಸಣ್ಣ ಅಕ್ಷರ ಓದಲಿಲ್ಲ. ಕನ್ನಡಕ ಫ್ರಿಜ್ ಮೇಲಿತ್ತು.

12 ತಿಂಗಳು ಒಟ್ಟಿಗೆ ಕಟ್ಟಿದರೆ 2 ತಿಂಗಳು ಫ್ರೀ. 9,500, ಅದರ ಮೇಲೆ 18% ಜಿಎಸ್‌ಟಿ. ಅಲ್ಲೇ ಕೂತು ಸ್ಕ್ಯಾನ್ ಮಾಡಿ ಕಳಿಸಿದೆ. ಕಾಕಾನಿಗೆ ಫೋನ್ ಮಾಡಿ ನಿಮ್ಮ ಲೈನ್ ಬೇಡ ಅಂತಲೂ ಹೇಳಿದೆ, ಅದೂ ಸ್ವಲ್ಪ ಜಂಬದಲ್ಲಿ.

ಹಬ್ಬ ಮುಗಿಸಿ ಕೆಲಸಕ್ಕೆ ಕೂತ ಮೊದಲ ದಿನವೇ ಗೊತ್ತಾಯಿತು ಏನೋ ಸರಿ ಇಲ್ಲ ಅಂತ. ಅಂಕಿ ಒತ್ತಿದರೆ ಪರದೆಯ ಮೇಲೆ ಅದು ನನ್ನ ಬೆರಳಿನ ಹಿಂದೆ ಹಿಂದೆ ಓಡಿ ಬರುತ್ತಿತ್ತು. ಸಂಜೆಯಾದ ಮೇಲೆ ಇನ್ನೂ ಜಾಸ್ತಿ. ಸೊನ್ನೆ ಬಂದಿಲ್ಲ ಅಂತ ಇನ್ನೊಂದು ಸಲ ಒತ್ತಿದೆ, ಎರಡೂ ಬಂದವು. 5,000 ಇದ್ದದ್ದು 50,000 ಆಗಿ ವೋಚರ್ ಸೇವ್ ಆಯಿತು. ಮರುದಿನ ಸಾಹೇಬರ ಫೋನು. ನನ್ನ ಮರ್ಯಾದೆ ಹೋದದ್ದು ಅಲ್ಲಿಂದ ಶುರು.

ಆ ಹುಡುಗನಿಗೆ ಫೋನ್ ಮಾಡಿದೆ. "ವೈ-ಫೈ ಪ್ರಾಬ್ಲಂ ಅಕ್ಕ, ರೂಟರ್ ಹತ್ತಿರ ಕೂತುಕೊಳ್ಳಿ." ಕೂತೆ. ಆಗಲಿಲ್ಲ. ಲ್ಯಾನ್ ಕೇಬಲ್ ತಂದು ನೇರ ರೂಟರಿಗೆ ಹಾಕಿದೆ, ಅದೇ ಕಥೆ. "ಹಾಗಾದರೆ ನಿಮ್ಮ ಆಫೀಸ್ ಸರ್ವರ್ ಸ್ಲೋ." ಕಲ್ಯಾಣದಲ್ಲಿರುವ ನನ್ನ ಜೊತೆಯವಳು ಬೇರೆ ಕನೆಕ್ಷನ್‌ನಲ್ಲಿ ಅದೇ ಸರ್ವರಿಗೆ, ಅದೇ ಹೊತ್ತಿಗೆ, 7 ಮಿಲಿಸೆಕೆಂಡಿನಲ್ಲಿ ಹೋಗಿ ಬರುತ್ತಿದ್ದಳು. ಅದನ್ನು ಹೇಳಿದರೆ, "ಸ್ಪೀಡ್ ಬರ್ತಾ ಉಂಟಲ್ಲ ಅಕ್ಕ?" ಸ್ಪೀಡ್ ಬರುತ್ತಿತ್ತು. ಹೌದು. 300. ದೂರಿನ ಟಿಕೆಟ್ ಕ್ಲೋಸ್.

ಇನ್ನು ನನ್ನ ತಪ್ಪಿನ ಭಾಗ. ಆಫೀಸಿನ ಐಟಿಯವರು ಟ್ರೇಸ್‌ರೂಟ್ ಕಳಿಸಿ ಅಂದರು, ಅಂದರೆ ನಮ್ಮ ಡೇಟಾ ಯಾವ ಯಾವ ರೂಟರ್ ದಾಟಿ ಹೋಗುತ್ತದೆ ಅನ್ನುವ ಪಟ್ಟಿ. ವಿಂಡೋಸ್‌ನ ಕಪ್ಪು ಪರದೆಯಲ್ಲಿ ಟ್ರೇಸರ್ಟ್ ಅಂತ ಹಾಕಿ, ಅವರು ಕೊಟ್ಟ ವಿಳಾಸ ಟೈಪ್ ಮಾಡುವುದು. ಸಾಲು ಸಾಲಾಗಿ ಬಂತು. ನಾಲ್ಕನೇ ಸಾಲಿನಲ್ಲಿ 190 ಮಿಲಿಸೆಕೆಂಡು. ಐದನೇ ಸಾಲಿನಲ್ಲಿ ಮೂರು ನಕ್ಷತ್ರ ಚಿಹ್ನೆ, ಬೇರೇನೂ ಇಲ್ಲ. ಸಿಕ್ಕಿಬಿದ್ದರು ಅಂದುಕೊಂಡೆ! ಆ ಎರಡೂ ಸಾಲಿಗೆ ಕೆಂಪು ಗೆರೆ ಎಳೆದು ಸೊಸೈಟಿಯ ವಾಟ್ಸಾಪ್ ಗ್ರೂಪಿಗೇ ಹಾಕಿದೆ, ಕಂಪನಿಯವರೂ ಅದರಲ್ಲಿದ್ದರು. "ನಿಮ್ಮ ಲೈನ್ ಇಲ್ಲಿ ತುಂಡಾಗುತ್ತಿದೆ, ಉತ್ತರ ಕೊಡಿ" ಅಂತ. ಹತ್ತು ನಿಮಿಷದಲ್ಲಿ ಅವರ ಇಂಜಿನಿಯರ್ ಉತ್ತರ ಬಂತು. "ಮ್ಯಾಡಮ್, ನಡುವಿನ ರೂಟರ್ ಉತ್ತರ ಕೊಡದಿದ್ದರೆ ಅದು ತಪ್ಪಲ್ಲ. ಮೊದಲು ಕಲಿತು ಆಮೇಲೆ ದೂರು ಕೊಡಿ." ಮೂರನೇ ಮಹಡಿಯವರು ನಗುವ ಚಿತ್ರ ಹಾಕಿದರು. ಸೆಕ್ರೆಟರಿಯೂ ಹಾಕಿದರು.

ಸಿಟ್ಟು ಬರುವುದು ಯಾಕೆಂದರೆ ಅವನು ಹೇಳಿದ್ದು ಸರಿ ಇತ್ತು.

ಶನಿವಾರ ಮಗ ಹಾಸ್ಟೆಲಿನಿಂದ ಬಂದಾಗ ಬಿಡಿಸಿ ಹೇಳಿದ. ಲೋಕಲ್ ಟ್ರೇನ್ ಲೆಕ್ಕದಲ್ಲಿ ಹೇಳಿದ್ದಕ್ಕೆ ನನಗೆ ಅರ್ಥವಾಯಿತು. ಒಬ್ಬನಿಗೆ ಒಂದೇ ಸ್ಟೇಷನ್ನಿನ ಟಿಕೆಟ್ ಕೊಟ್ಟು ಕಳಿಸುವುದು. ಅಲ್ಲಿ ಟಿಸಿ ಹಿಡಿದು ಇಳಿಸಿ, ನಿಮ್ಮ ಮನುಷ್ಯ ಇಲ್ಲಿ ಸಿಕ್ಕಿದ ಅಂತ ಫೋನ್ ಮಾಡುತ್ತಾನೆ. ಆಮೇಲೆ ಎರಡು ಸ್ಟೇಷನ್ನಿನ ಟಿಕೆಟ್, ಆಮೇಲೆ ಮೂರು. ಹೀಗೆ ದಾರಿಯ ಸ್ಟೇಷನ್ ಎಲ್ಲ ಒಂದೊಂದಾಗಿ ಗೊತ್ತಾಗುತ್ತದೆ. ಆ ಟಿಕೆಟ್ಟಿಗೆ ಟಿಟಿಎಲ್ ಅನ್ನುತ್ತಾರಂತೆ. ಪ್ರತಿ ರೂಟರೂ ಒಂದೊಂದು ಕಡಿಮೆ ಮಾಡುತ್ತದೆ, ಸೊನ್ನೆಯಾದಲ್ಲಿ ಎಸೆದು ಸುದ್ದಿ ಕಳಿಸುತ್ತದೆ. ವಿಂಡೋಸ್ ಪ್ರತಿ ಸ್ಟೇಷನ್ನಿಗೆ ಮೂರು ಸಲ ಕೇಳುತ್ತದೆ, 30 ಸ್ಟೇಷನ್ನಿನವರೆಗೆ ಹೋಗುತ್ತದೆ. ನಕ್ಷತ್ರ ಬಂದರೆ ಆ ಟಿಸಿಗೆ ಫೋನ್ ಮಾಡಲು ಮನಸ್ಸಿಲ್ಲ ಅಂತ, ಅಷ್ಟೇ. 190 ಬಂದರೆ ಅವನಿಗೆ ಬೇರೆ ಕೆಲಸ ಇತ್ತು, ನಿಧಾನಕ್ಕೆ ಫೋನ್ ಮಾಡಿದ. ಗಾಡಿ ಏನೂ ತಡ ಆಗಲಿಲ್ಲ. ತಡ ನಿಜವಾದರೆ ಅಲ್ಲಿಂದ ಮುಂದಿನ ಎಲ್ಲ ಸಾಲಿನಲ್ಲೂ, ಕೊನೆಯ ಸಾಲಿನವರೆಗೂ ಕಾಣಬೇಕು.

ಆಮೇಲೆ ಅವನು ನಾನು ಗ್ರೂಪಿಗೆ ಹಾಕಿದ ಅದೇ ಚಿತ್ರ ತೆಗೆದ. "ಅಮ್ಮ, ನೀನು ತಪ್ಪು ಸಾಲಿಗೆ ಗೆರೆ ಎಳೆದಿದ್ದಿ. ಕೊನೆಯ ಸಾಲು ನೋಡು."

126.

ಅದೇ ಚಿತ್ರದಲ್ಲಿ, ನನ್ನ ಕೆಂಪು ಗೆರೆಯ ನಾಲ್ಕು ಬೆರಳು ಕೆಳಗೆ. ನಾನೂ ನೋಡಿರಲಿಲ್ಲ, ನಕ್ಕವರೂ ನೋಡಿರಲಿಲ್ಲ. ಆ ಇಂಜಿನಿಯರ್ ಮಾತ್ರ ನೋಡಿಯೇ ಇರಬೇಕು, ಅವನ ಕೆಲಸವೇ ಅದು ತಾನೇ? ನೋಡಿ, ಸುಮ್ನಿದ್ದು, ನನಗೆ ಕಲಿತು ಬನ್ನಿ ಅಂದ. ಇದನ್ನು ಮಾತ್ರ ನಾನು ಮರೆಯುವುದಿಲ್ಲ.

ಮಗ ರೂಟರುಗಳ ಹೆಸರು ಓದಿಸಿದ. ಕೆಲವು ಹೆಸರಿನ ನಡುವೆ ಊರಿನ ಮೂರಕ್ಷರ ಇರುತ್ತದೆ, ವಿಮಾನದ ಟಿಕೆಟ್ ಮೇಲೆ ಇರುವುದೇ. ಆರನೇ ಸಾಲು ಎಂಎಎ, ಅಂದರೆ ಚೆನ್ನೈ, 25 ಮಿಲಿಸೆಕೆಂಡು. ಏಳನೇ ಸಾಲು ಎಸ್‌ಐಎನ್, 61. ನಾನು ಇಂಗ್ಲಿಷಿನ ಪಾಪ ಅಂತ ಓದಿಕೊಂಡೆ. "ಸಿಂಗಾಪುರ ಅಮ್ಮ" ಅಂದ. ಪಾಪವೂ ಸರಿಯೇ, ಪಾಪ ಅನ್ನಬೇಕಾದ್ದು ನನಗೆ. ಒಂಬತ್ತನೇ ಸಾಲು ಬಿಒಎಂ, ನಮ್ಮ ಬಾಂಬೆಯೇ, 124. ನಂತರ ಮಹಾಪೆ, 126. ಡೊಂಬಿವಲಿಯಲ್ಲಿ ಒತ್ತಿದ ಸೊನ್ನೆ ಚೆನ್ನೈಗೆ ಹೋಗಿ, ಸಮುದ್ರ ದಾಟಿ ಸಿಂಗಾಪುರಕ್ಕೆ ಹೋಗಿ, ತಿರುಗಿ ಮುಂಬೈಗೆ ಬಂದು ಮಹಾಪೆ ಸೇರುತ್ತಿತ್ತು. ಹೆಸರು ಹಳೆಯದಾಗಿರಬಹುದು, ಅದೊಂದನ್ನೇ ನಂಬಬೇಡ ಅಂತ ಲೆಕ್ಕವನ್ನೂ ಹೇಳಿದ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಹಾಗಾಗಿ 100 ಕಿಲೋಮೀಟರ್ ದೂರಕ್ಕೆ ಹೋಗಿ ಬರಲು 1 ಮಿಲಿಸೆಕೆಂಡು. ಮುಂಬೈಯಿಂದ ಸಿಂಗಾಪುರ ನೇರ ಗೆರೆಯಲ್ಲೇ 3,900 ಕಿಲೋಮೀಟರ್ ಹತ್ತಿರ, ಕೇಬಲ್ ನೇರ ಹೋಗುವುದಿಲ್ಲ, 61 ಸರಿಯಾಗಿ ಹೊಂದುತ್ತದೆ. ಇಪ್ಪತ್ತು ಕಿಲೋಮೀಟರಿಗೆ 126 ಯಾವ ಲೆಕ್ಕದಲ್ಲೂ ಹೊಂದುವುದಿಲ್ಲ. ಇದು ನನಗೆ ಅರ್ಥವಾಗುವ ಭಾಷೆ ನೋಡಿ. ಟ್ಯಾಲಿ ಆಗುತ್ತಿಲ್ಲ.

ಹಾಗೆ ಯಾಕೆ ಹೋಗುತ್ತದೆ ಅಂದರೆ, ಇಂಟರ್ನೆಟ್ಟಿನಲ್ಲಿ ದಾರಿ ಆರಿಸುವುದು ದೂರ ನೋಡಿ ಅಲ್ಲ, ಯಾರು ಯಾರ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ ಅನ್ನುವುದರ ಮೇಲೆ. ದೇಶದೊಳಗಿನ ಟ್ರಾಫಿಕ್ ದೇಶದೊಳಗೇ ದಾಟಲಿ ಅಂತ 2003ರಲ್ಲೇ ನಿಕ್ಸಿ ಅನ್ನುವ, ಕಂಪನಿಗಳು ಒಂದಕ್ಕೊಂದು ಟ್ರಾಫಿಕ್ ದಾಟಿಸಿಕೊಳ್ಳುವ ವ್ಯವಸ್ಥೆ ಶುರುವಾಯಿತು, ಮುಂಬೈಯಲ್ಲಿ ಹೀಗೆ ದಾಟಿಸಿಕೊಳ್ಳುವ ಜಾಗಗಳು ಬೇರೆಯೂ ಇವೆ. ಇವರು ಮತ್ತು ಆ ಡೇಟಾ ಸೆಂಟರಿನವರು ಅಂಥ ಒಂದು ಜಾಗದಲ್ಲಿ ಕೈ ಕುಲುಕಿದರೆ ಮುಗಿಯಿತು. ಇಲ್ಲದಿದ್ದರೆ ಮೇಲಿನ ದೊಡ್ಡ ಕಂಪನಿಯ ದಾರಿ ಹಿಡಿದು ಹೋಗಬೇಕು, ಆ ದಾರಿ ಸಿಂಗಾಪುರದಲ್ಲಿ ಕೂಡುತ್ತದೆ. ಮುಂಬೈ ಡೈರೆಕ್ಟ್ ಅಂದರೆ ಇದು!

ಈಗ ಸರಿಯಾದ ಸಾಲಿಗೆ ಗೆರೆ ಎಳೆದು, ಕಲ್ಯಾಣದವಳ ಟ್ರೇಸನ್ನೂ ಪಕ್ಕದಲ್ಲಿ ಇಟ್ಟು ಕಳಿಸಿದೆ. ಗ್ರೂಪಿನಲ್ಲಿ ಉತ್ತರ ಇಲ್ಲ. ಹುಡುಗನಿಗೆ ನೇರ ಕಳಿಸಿದೆ. "ಸಮುದ್ರದ ಕೇಬಲ್ ಕಟ್ ಆಗಿದೆ ಅಕ್ಕ, ಕೆಂಪು ಸಮುದ್ರದಲ್ಲಿ, ನ್ಯೂಸಿನಲ್ಲಿ ಬಂದಿದೆ." 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್ ತುಂಡಾದದ್ದು ನಿಜವೇ. ಆದರೆ ಕೆಂಪು ಸಮುದ್ರ ಪಶ್ಚಿಮಕ್ಕೆ, ಸಿಂಗಾಪುರ ಪೂರ್ವಕ್ಕೆ, ಮತ್ತು ನನಗೆ ಹೋಗಬೇಕಾದ್ದು ಮಹಾಪೆಗೆ! ವಿರಾರ್ ಲೈನ್ ಕೆಟ್ಟಿದೆ, ಅದಕ್ಕೆ ನಿಮಗೆ ಡೊಂಬಿವಲಿಯಿಂದ ಥಾಣೆಗೆ ಗಾಡಿ ಇಲ್ಲ ಅಂದ ಹಾಗಾಯಿತು.

ಇಷ್ಟೆಲ್ಲ ಗೊತ್ತಾದ ಮೇಲೂ ಎರಡನೇ ಸಲ ಬಿದ್ದೆ. "ಸ್ಟ್ಯಾಟಿಕ್ ಐಪಿ ಹಾಕಿಸಿ ಅಕ್ಕ, ದಾರಿ ಬೇರೆ ಆಗುತ್ತದೆ, ನಾನೇ ಹೇಳಿ ಮಾಡಿಸಿ ಕೊಡುತ್ತೇನೆ" ಅಂದ. ಸ್ಟ್ಯಾಟಿಕ್ ಐಪಿ ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮ ಕನೆಕ್ಷನ್ನಿನ ಬದಲಾಗದ ನಂಬರ್. 1,500, ಜಿಎಸ್‌ಟಿ ಸೇರಿ 1,770. ಮಗನಿಗೆ ಕೇಳದೆ ಕೊಟ್ಟೆ. ತಿಂಗಳ ಕೊನೆ, ಕೆಲಸ ರಾಶಿ ಬಿದ್ದಿತ್ತು, ಏನಾದರೂ ಸರಿ ಹೋಗಲಿ ಅನ್ನಿಸಿತ್ತು. ಹಾಕಿದ ಮೇಲೆ ಟ್ರೇಸ್ ಮಾಡಿದರೆ ಎರಡನೇ ಸಾಲಿನ ನಂಬರ್ ಬೇರೆ ಆಗಿತ್ತು. ಉಳಿದದ್ದು ಅದೇ ಚೆನ್ನೈ, ಅದೇ ಸಿಂಗಾಪುರ, ಕೊನೆಯಲ್ಲಿ 125. ಮನೆಯ ನಂಬರ್ ಬದಲಾಯಿಸಿದರೆ ಹೊರಗಿನ ರಸ್ತೆ ಬದಲಾಗುತ್ತದಾ? ಇದನ್ನು ಮಗನಿಗೆ ಹೇಳಿರಲಿಲ್ಲ. ಈಗ ಇಲ್ಲಿ ಓದುತ್ತಾನೆ.

ಇಂಜಿನಿಯರನ್ನು ಫೋನಿನಲ್ಲಿ ಹಿಡಿದೆ. "ಮ್ಯಾಡಮ್, ಇಂಟರ್ನೆಟ್ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ, ನಮ್ಮ ಕೈಯಲ್ಲಿ ಏನಿಲ್ಲ." ಯಾರಿಂದ ಯಾವ ದಾರಿ ಕೊಳ್ಳಬೇಕು ಅಂತ ತೀರ್ಮಾನಿಸುವವರು ನೀವಲ್ಲವಾ ಅಂದೆ. "ಇಷ್ಟು ಬೇಕಾದರೆ ನಿಮಗೊಬ್ಬರಿಗೇ ಮೀಸಲಾದ ಲೀಸ್ಡ್ ಲೈನ್ ತಗೊಳ್ಳಿ. ಮನೆ ಪ್ಲಾನಿಗೆ ನಾವು ಸ್ಪೀಡ್ ಕೊಡುತ್ತೇವೆ, ದಾರಿ ಕೊಡುವುದಿಲ್ಲ." ಹಣ ವಾಪಸ್ ಕೇಳಿದರೆ ಆಫರ್ ಪ್ಲಾನಿಗೆ ವಾಪಸ್ ಇಲ್ಲ. ಮತ್ತೆ ಹುಡುಗನಿಗೆ ಫೋನ್ ಮಾಡಿದೆ. ಈ ಸಲ ಹಿಂದಿಯಲ್ಲಿ ಮಾತಾಡಿದ. "ಮೈ ಅಬ್ ಉಸ್ ಕಂಪನಿ ಮೇ ನಹೀ ಹೂಂ." ಈಗ ಆ ಕಂಪನಿಯಲ್ಲೇ ಇಲ್ಲ ಅಂತೆ. ದುಡ್ಡು ಕೈಗೆ ಬರುವವರೆಗೆ ಕನ್ನಡ, ಆಮೇಲೆ ಹಿಂದಿ. ನಿನ್ನೆ ಬಿ ವಿಂಗಿನ ಕೆಳಗೆ ಕೂತಿದ್ದವರಲ್ಲಿ ಅವನೂ ಇದ್ದ.

ನೀವು ತಗೊಳ್ಳುವುದಿದ್ದರೆ, ಅದೇ ಕಂಪನಿಯ ಲೈನ್ ಇರುವ ಪಕ್ಕದ ಮನೆಯವರ ಹತ್ತಿರ ಲ್ಯಾಪ್‌ಟಾಪ್ ಹಿಡಿದು ಹೋಗಿ. ಲ್ಯಾನ್ ಕೇಬಲ್ ಹಾಕಿ, ರಾತ್ರಿ ಒಂಬತ್ತರ ಮೇಲೆ, ನಿಮಗೆ ಬೇಕಾದ ಸರ್ವರಿಗೇ ಟ್ರೇಸ್ ಮಾಡಿ. ಅವರ ಫೋನಿನ ಸ್ಪೀಡ್ ಟೆಸ್ಟ್ ನೋಡಲೇಬೇಡಿ. ನಕ್ಷತ್ರ ಬಿಡಿ, ಕೊನೆಯ ಸಾಲು ನೋಡಿ. ಟ್ರೇಸಿನಲ್ಲಿ ಕಾಣುವುದು ಹೋಗುವ ದಾರಿ ಮಾತ್ರ, ಬರುವ ದಾರಿ ಬೇರೆ ಇರಬಹುದು, ಆದರೆ ಆ ಕೊನೆಯ ಸಾಲಿನ ಸಮಯದಲ್ಲಿ ಎರಡೂ ಸೇರಿರುತ್ತದೆ. ತಿಂಗಳ ಲೆಕ್ಕದಲ್ಲೇ ಕಟ್ಟಿ. ಊರು ಯಾವುದು ಅಂತ ಕೇಳಿದರೆ ಬಾಗಿಲು ಹಾಕಿ, ನಾನು ಇನ್ನು ಹಾಗೇ ಮಾಡುವುದು.

ದೂರಿನ ಡಾಕೆಟ್ ನಂಬರ್ ಇಲ್ಲದೆ ಫೋನ್ ಇಡಬೇಡಿ. ನಾನು ಮೊದಲ ಮೂರು ಸಲ ತಗೊಳ್ಳಲೇ ಇಲ್ಲ, ಈಗ ಆ ದೂರುಗಳು ಬಂದೇ ಇಲ್ಲ ಅನ್ನುತ್ತಾರೆ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಒಬ್ಬೊಬ್ಬರ ದೂರು ತಾನೇ ವಿಚಾರಿಸುವುದಿಲ್ಲ. ಕಂಪನಿಯ ಕಾಲ್ ಸೆಂಟರಿನಲ್ಲಿ ಆಗದಿದ್ದರೆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಅಲ್ಲಿಗೆ ಕೊಟ್ಟಿದ್ದೇನೆ, ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಿದ್ದೇನೆ. ಅದಾದ ಮೇಲೆ ಸ್ಟ್ಯಾಟಿಕ್ ಐಪಿಯ 1,770 ವಾಪಸ್ ಕೊಡುತ್ತೇವೆ ಅಂದಿದ್ದಾರೆ. ಇನ್ನೂ ಬಂದಿಲ್ಲ.

ಸದ್ಯ ಫೋನಿನ ಹಾಟ್‌ಸ್ಪಾಟ್ ಹಾಕಿ ಕೆಲಸ ಮಾಡುತ್ತಿದ್ದೇನೆ. 300 ಎಂಬಿಪಿಎಸ್‌ನ ರೂಟರ್ ಟಿವಿ ಮೇಲೆ ಹಸಿರು ದೀಪ ಹಾಕಿಕೊಂಡು ಕೂತಿದೆ. ಮೊನ್ನೆ ನಾಚಿಕೆ ಬಿಟ್ಟು ಕಾಕಾನಿಗೆ ಫೋನ್ ಮಾಡಿದೆ. ಮೊದಲ ಸಲವೇ ಎತ್ತಿದ, ಆಶ್ಚರ್ಯ. "ಕಾಯ್ ಮ್ಯಾಡಮ್, ಸ್ಪೀಡ್ ಮಿಳಾಲಾ ಕಾ?" ಸಿಕ್ಕಿತು ಕಾಕಾ ಅಂದೆ, ಇನ್ನೇನು ಹೇಳುವುದು. ಭಾನುವಾರ ಬರುತ್ತೇನೆ ಅಂದಿದ್ದಾನೆ. ಈ ಸಲ ಟ್ರೇಸ್ ಮೊದಲು, ಚಹಾ ಆಮೇಲೆ.